ನಾಲ್ಕನೆಯ ಮಡಿಕೆ

"ಅಯ್ಯೋ! ಯಾವ ಪಾಪಿ ಮಾಡಿದ್ದು ಇದು?"

ಐಕಿಡೊ ಎಂಬ ಜಪಾನಿ ಸಮರಕಲೆ ಕಲಿಸುವ ಕ್ಲಬ್ಬಿನ ಕಪಾಟು ತೆರೆದ ದರ್ಜಿ ಅಕ್ಕ ಚೀರಿದಳು. ಕ್ಲಬ್ಬು ಕಟ್ಟಿದ ಗುರುಗಳು ಅವಳ ಅಪ್ಪ. ಅವರು ತೀರಿಕೊಂಡು ಇವತ್ತಿಗೆ ವರ್ಷ. ಅವರ ಹಕಾಮ — ಪಾಠಕ್ಕೆ ತೊಡುವ ಕಪ್ಪು ನೆರಿಗೆಯ ಅಗಲ ಪೈಜಾಮ, ಅವಳೇ ಹೊಲಿದದ್ದು — ಉದ್ದುದ್ದಕ್ಕೆ ಸೀಳಿತ್ತು. ಪಕ್ಕದಲ್ಲಿ ಒಂದು ಗ್ಯಾರೇಜ್ ಬ್ಲೇಡು.

ಅವಳ ಮೈ ಉರಿದುಹೋಯಿತು. ಮಾಡಿದವನನ್ನು ಸುಮ್ಮನೆ ಬಿಟ್ಟರೆ ತಾನು ಅಪ್ಪನ ಮಗಳೇ ಅಲ್ಲ!

ಬೀಗದ ಕೈ ಇದ್ದದ್ದು ಮೂವರ ಬಳಿ. ಅವಳು, ಮೊದಲ ದಿನದಿಂದಲೂ ಇದ್ದ ಹಿರಿಯಣ್ಣ, ಐದು ವರ್ಷದ ಹಿಂದೆ ಸೇರಿದ ಮೆಕ್ಯಾನಿಕ್. ಇಬ್ಬರನ್ನೂ ಕರೆಸಿದಳು.

"ಇನ್ನೇನು ವಿಚಾರಿಸೋದು?" ಹಿರಿಯಣ್ಣ ಗುಡುಗಿದ. "ಬ್ಲೇಡು ಇವನದ್ದು. ಗುರುಗಳು ಇವನನ್ನ ಎರಡು ಸಲ ಪರೀಕ್ಷೇಲಿ ಫೇಲ್ ಮಾಡಿದ್ರು. ಸೇಡು ತೀರಿಸ್ಕೊಂಡಿದಾನೆ. ಈಗಲೇ ಆಚೆ ಹಾಕು!"

"ಗುರುಗಳ ಬಟ್ಟೆಗೆ ನಾನು ಬ್ಲೇಡು ಹಾಕ್ತೀನಾ ಅಕ್ಕಾ?" ಮೆಕ್ಯಾನಿಕ್ ಒಂದು ಹೆಜ್ಜೆ ಮುಂದೆ ಬಂದ. "ಅದು ಕಳೆದು ವಾರ ಆಯ್ತು."

ಅಕ್ಕ ಚಿಂದಿಯನ್ನೇ ದಿಟ್ಟಿಸಿದಳು. ನಿನ್ನೆ ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿಹೋಗಿದ್ದಳು. ಈಗ ಮಡಚಿಟ್ಟಿದೆ — ಚೊಕ್ಕವಾಗಿ, ನಾಲ್ಕು ಮಡಿಕೆ.

ಯಾರಿಗೋ ಹೊಲಿದಿದ್ದ ಹೊಸ ಹಕಾಮವನ್ನು ಚೀಲದಿಂದ ತೆಗೆದಳು. "ಇದನ್ನ ಮಡಚಿ. ಒಬ್ಬೊಬ್ಬರಾಗಿ."

ಪಾಠ ಮುಗಿದ ಮೇಲೆ ಗುರುವಿನ ಹಕಾಮ ಮಡಚುವುದು ಅಲ್ಲಿ ಶಿಷ್ಯರ ಪಾಲಿನ ಕೆಲಸ. ಮೆಕ್ಯಾನಿಕ್ ಮೊಣಕಾಲೂರಿ ನೆರಿಗೆ ಸವರಿದ. ಮೂರು ಮಡಿಕೆ. ಹಿರಿಯಣ್ಣನ ಕೈ ಸರಸರ ಓಡಿತು. ನಾಲ್ಕು.

"ಸಾಕು ಹಿರಿಯಣ್ಣ. ಸಿಕ್ಕಿಬಿದ್ರಿ."

"ಏನು?"

"ಕ್ಲಬ್ಬು ಹಳೇ ಶೆಡ್ಡಲ್ಲಿ ಇದ್ದಾಗ ಕಪಾಟು ಗೇಣಗಲ. ಅದಕ್ಕೇ ಅಪ್ಪ ನಾಲ್ಕು ಮಡಿಕೆ ಕಲಿಸಿದ್ರು. ಇಲ್ಲಿಗೆ ಬಂದ ಮೇಲೆ ಸೇರಿದೋರಿಗೆಲ್ಲ ಮೂರೇ. ಶೆಡ್ಡಿನ ಕಾಲದೋರಲ್ಲಿ ಉಳಿದಿರೋದು ನೀವೊಬ್ಬರು. ಸೀಳೋಕೆ ಮನಸ್ಸು ಬಂತು. ಮಡಚದೆ ಇಡೋಕೆ ಮಾತ್ರ ಕೈ ಬರಲಿಲ್ಲ, ಅಲ್ವಾ? ಅಪ್ಪನ ಪತ್ರ ಕದ್ದು ಓದಿದ್ರಾ?"

ಇವತ್ತು ಸಂಜೆ ಎಲ್ಲರೆದುರು ತೆರೆಯಬೇಕೆಂದು ಅಪ್ಪ ಆ ಕಪಾಟಿನಲ್ಲೇ ಇಟ್ಟುಹೋಗಿದ್ದ ಪತ್ರ ಅದು; ಒಳಗೇನಿದೆ ಎಂದು ಮಗಳೊಬ್ಬಳಿಗೇ ಹೇಳಿದ್ದರು. ಗುರುಗಳ ಹಕಾಮ ತೊಟ್ಟು ಮುಂದೆ ಪಾಠ ಹೇಳುವವನು ಮೆಕ್ಯಾನಿಕ್ ಎಂದು ಅದರಲ್ಲಿತ್ತು.

"ಮೂವತ್ತು ವರ್ಷ ಮಡಚಿದೆ!" ಹಿರಿಯಣ್ಣ ಕಿರುಚಿದ. "ಒಂದೇ ಒಂದು ದಿನ 'ತೊಡು' ಅಂದ್ರಾ? ನಿನ್ನೆ ಮೊನ್ನೆ ಬಂದವನಿಗೆ ಕೊಟ್ರು. ನನಗಿಲ್ಲದ್ದು ಅವನಿಗೂ ಬೇಡ!"

ಅಕ್ಕನಿಗೆ ಕರುಣೆ ಬರಲಿಲ್ಲ.

"ನಾನೇ ಹೋಗ್ತೀನಿ, ಬಿಡು," ಎಂದ ಹಿರಿಯಣ್ಣ.

"ಅಷ್ಟು ಸುಲಭಕ್ಕೆ ಬಿಡ್ತೀನಾ? ಹೋದ್ರೆ ಈ ಚಿಂದೀನ ನಿಮ್ಮ ಹೆಸರು ಬರೆದು ಬಾಗಿಲಿಗೆ ನೇತು ಹಾಕ್ತೀನಿ." ಹೊಸ ಹಕಾಮವನ್ನು ಮೆಕ್ಯಾನಿಕ್‌ನ ಕೈಗಿಟ್ಟಳು. "ಸಂಜೆ ಇವನು ಇದನ್ನ ತೊಟ್ಟು ಪಾಠ ಮಾಡ್ತಾನೆ. ಮುಗಿದ ಮೇಲೆ ಎಲ್ಲರೆದುರು ಇವನ ಮುಂದೆ ಕೂತು ಮಡಚೋದು ನೀವು. ಇವತ್ತು, ನಾಳೆ, ದಿನಾ."

ಬಾಗಿಲ ಬಳಿ ಹೋದವಳು ತಿರುಗಿದಳು.

"ಮೂರು ಮಡಿಕೆ, ಹಿರಿಯಣ್ಣ. ಕಲಿತ್ಕೊಳ್ಳಿ."