ಎರಡನೆಯ ಬ್ಯಾಟರಿ

"ಕಣ್ಣು ಹೋದದ್ದನ್ನು ಹೇಗಾದರೂ ತಡ್ಕೊಳ್ಳಬಹುದು ಟೀಚರ್. ಆದ್ರೆ ಅವರು ಈಗ ಸ್ಪ್ಯಾನರ್ ಮುಟ್ಟಲಿಕ್ಕೇ ಹೆದರ್ತಾರೆ. ನನ್ನ ಕೈಯೇ ನನಗೆ ಮೋಸ ಮಾಡಿತು ಅಂತ ಒಂದೇ ಮಾತು."

ಇಷ್ಟು ಹೇಳಿ ಸುಪ್ರೀತಾ ನಮ್ಮ ಜಗಲಿಯ ಕಂಬಕ್ಕೆ ಒರಗಿ ನಿಂತಳು. ಅದು ೨೦೦೮ರ ನವೆಂಬರ್. ಅವಳ ಗಂಡ ಜಯಪಾಲ ಕಾಸರಗೋಡಿನ ಮೆಕ್ಯಾನಿಕ್; ಹಳೆಯ ಗಾಡಿಗಳನ್ನು ರಿಪೇರಿ ಮಾಡುವುದರಲ್ಲಿ ಹೆಸರಾದವನು. ಶಿರಿಯದ ಮಹಾಬಲರ ಅಂಗಳದಲ್ಲಿ ಕೆಟ್ಟು ನಿಂತ ಜೀಪೊಂದನ್ನು ಲಾರಿಯ ಬ್ಯಾಟರಿಯಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡಲು ಹೋದಾಗ ಜೀಪಿನ ಬ್ಯಾಟರಿ ಸಿಡಿದು ಆಸಿಡ್ ಅವನ ಮುಖಕ್ಕೆ ಎರಚಿತ್ತು.

ಪಂಕಜಾಕ್ಷಿ ಊರಿನಲ್ಲಿ ಬಹಳ ಕಾಲ ಡ್ರೈವಿಂಗ್ ಸ್ಕೂಲ್ ನಡೆಸಿದವಳು. ಎಲ್ಲರ ಬಾಯಲ್ಲೂ ಅವಳು ಟೀಚರ್. ಪೊಲೀಸರು ಕೈಬಿಟ್ಟ ಒಂದೆರಡು ಪ್ರಕರಣಗಳನ್ನು ಬಿಡಿಸಿದ ಮೇಲೆ ಜನ ತಮ್ಮ ಕಗ್ಗಂಟುಗಳನ್ನೂ ಅವಳ ಬಳಿಗೆ ತರತೊಡಗಿದ್ದರು. ನಿವೃತ್ತ ನರ್ಸ್ ಆದ ನಾನು, ಶಂಕರಿ, ಅವಳ ಜತೆಗೇ ಇದ್ದೆ.

"ಪೊಲೀಸರು ಎಂತ ಹೇಳ್ತಾರೆ?" ಎಂದು ಪಂಕಜಾಕ್ಷಿ ಕೇಳಿದಳು.

"ಲಾರಿ ಡ್ರೈವರ್ ಭವಿತನ ಮೇಲೆ ಕೇಸು ಹಾಕಿದ್ದಾರೆ. ಅವನೇ ಲಾರಿಯ ಎರಡೂ ಬ್ಯಾಟರಿಗೆ ಕೇಬಲ್ ಕೊಟ್ಟದ್ದಂತೆ. ಮಹಾಬಲಣ್ಣನ ಮಗ ಉಜ್ವಲ್ ಕಂಡದ್ದಂತೆ. ಪಾಪ, ಭವಿತನ ಕೆಲಸವೂ ಹೋಯ್ತು. ಇವರನ್ನು ಕೇಳಿದ್ರೆ, ಇಲ್ಲ, ಕೇಬಲ್ ಕೊಟ್ಟದ್ದು ನಾನೇ, ಒಂದೇ ಬ್ಯಾಟರಿಗೆ ಕೊಟ್ಟ ನೆನಪು, ಜೀಪಿನ ಕಡೆಯ ಸಡಿಲ ಕ್ಲಿಪ್ಪನ್ನು ಬಿಗಿ ಮಾಡ್ತಿದ್ದೆ, ಆದ್ರೆ ಸಿಡಿದ ಮೇಲೆ ಆ ನೆನಪನ್ನು ಹೇಗೆ ನಂಬುವುದು ಅಂತಾರೆ."

ನನಗೆ ಅರ್ಥವಾಗಲಿಲ್ಲ. ಪಂಕಜಾಕ್ಷಿ ವಿವರಿಸಿದಳು. "ಜೀಪಿನದ್ದು ಹನ್ನೆರಡು ವೋಲ್ಟ್. ಲಾರಿಯಲ್ಲಿ ಅಂಥದ್ದೇ ಎರಡು ಬ್ಯಾಟರಿ ಒಂದರ ಹಿಂದೆ ಒಂದು ಸೇರಿ ಇಪ್ಪತ್ತನಾಲ್ಕು. ಲಾರಿಯ ಎಂಜಿನ್ ನಿಲ್ಲಿಸಿ ಮೊದಲನೆಯದರಿಂದ ಮಾತ್ರ ಕರೆಂಟು ತೆಗೆದರೆ ಜೀಪಿಗೆ ತೊಂದರೆ ಇಲ್ಲ. ಕೆಂಪು ಕ್ಲಿಪ್ಪನ್ನು ಎರಡನೆಯದಕ್ಕೆ ಹಾಕಿದರೆ ಎರಡೂ ಸೇರಿ ಒಮ್ಮೆಗೇ ಎರಡು ಪಾಲು ನುಗ್ಗುತ್ತದೆ. ಸೊರಗಿದ ಬ್ಯಾಟರಿಯಿಂದ ಗ್ಯಾಸ್ ಬರ್ತಾ ಇರ್ತದೆ, ಒಂದು ಕಿಡಿ ಸಾಕು."

ಮರುದಿನ ಠಾಣೆಗೆ ಹೋದೆವು. ಎಸ್.ಐ. ಅವಳ ಹಳೆಯ ಶಿಷ್ಯ. ಠಾಣೆಯ ಅಂಗಳದಲ್ಲಿ ನಿಲ್ಲಿಸಿದ್ದ ಲಾರಿಯನ್ನು ನೋಡಲು ಬಿಟ್ಟರು. ಮೊದಲನೆಯ ಬ್ಯಾಟರಿಯ ಕೆಂಪು ಟರ್ಮಿನಲಿನ ಸೀಸದಲ್ಲಿ ಕ್ಲಿಪ್ಪಿನ ಹಲ್ಲುಗಳು ಗಟ್ಟಿಯಾಗಿ ಕಚ್ಚಿದ ಹೊಸ ಗುರುತಿತ್ತು. ಎರಡನೆಯದರ ಕೆಂಪು ಟರ್ಮಿನಲಿನ ಮೇಲೆ ಒಂದು ಕಡೆ ಮಾತ್ರ ಸೀಸ ಕರಗಿ ಕಪ್ಪು ಕುಳಿ ಬಿದ್ದಿತ್ತು.

ಅಲ್ಲಿಗೆ ಭವಿತನೂ ಬಂದಿದ್ದ. ಅವನ ಕಣ್ಣು ನಿದ್ದೆಯಿಲ್ಲದೆ ಊದಿಕೊಂಡಿತ್ತು. "ನಾನು ಜೀಪಿನ ಸೀಟಿನಲ್ಲಿ ಕೂತಿದ್ದೆ ಟೀಚರ್. ಜಯಪಾಲಣ್ಣ, ನಾನು ಹೇಳಿದಾಗ ಕೀ ತಿರುಗಿಸು ಅಂದಿದ್ರು. ಎದುರಿಗೆ ಬಾನೆಟ್ ಎತ್ತಿತ್ತು, ಎಂತದೂ ಕಾಣ್ತಾ ಇರ್ಲಿಲ್ಲ. ಕೀ ತಿರುಗಿಸುವ ಮೊದಲೇ ಸಿಡಿಯಿತು. ಅವರು ನೀರು ನೀರು ಅಂತ ಕೂಗಿದ್ರು. ನನಗೆ ಆ ಮನೆ ಹೊಸತು, ನಲ್ಲಿ ಎಲ್ಲಿ ಉಂಟಂತ ಗೊತ್ತಿಲ್ಲ. ಲಾರಿಯಿಂದ ಕುಡಿಯುವ ನೀರಿನ ಬಾಟ್ಲಿ ತಂದು ಹೊಯ್ದೆ."

"ಸಿಡಿದ ಮೇಲೆ ಕೇಬಲ್ ಎಲ್ಲಿತ್ತು?"

"ಕಂಡದ್ದಿಲ್ಲ ಟೀಚರ್. ಯಾರು ನೋಡ್ತಾರೆ ಆಗ?"

ಸಂಜೆಗೆ ಶಿರಿಯ ಮುಟ್ಟಿದೆವು. ಮಹಾಬಲರು ಹೊಳೆಬದಿಯಿಂದ ಬಂದು ನಮ್ಮನ್ನು ಕೂರಿಸಿದರು. ಶಬ್ದ ಕೇಳಿ ತಾವು ಹೊಳೆಯಿಂದ ಓಡಿಬಂದದ್ದು, ಬರುವಷ್ಟರಲ್ಲಿ ಭವಿತ ಖಾಲಿ ಬಾಟ್ಲಿ ಹಿಡಿದು ಅಳುತ್ತಿದ್ದದ್ದು, ತಾವೇ ನಲ್ಲಿಯಿಂದ ಕೊಡಪಾನ ತುಂಬಿ ತಂದದ್ದು, ಎಲ್ಲವನ್ನೂ ಹೇಳಿದರು. ಬಚ್ಚಲಿನ ಹಿಂದಿನ ಆ ನಲ್ಲಿ ಜೀಪು ನಿಂತಿದ್ದ ಜಾಗಕ್ಕೆ ಬಹಳ ಹತ್ತಿರವಿತ್ತು.

"ಕೇಬಲ್?"

"ಅದು ಕೊಟ್ಟಿಗೆಯ ಆಣಿಯಲ್ಲಿ ಉಂಟಲ್ಲ, ಯಾವಾಗಲೂ ಅಲ್ಲೇ."

ಚೆನ್ನಾಗಿ ಸುತ್ತಿ ತೂಗುಹಾಕಿದ್ದ ಕೇಬಲನ್ನು ಪಂಕಜಾಕ್ಷಿ ಸುಮ್ಮನೆ ನೋಡಿದಳು. ಮೆಟ್ಟಿಲಿನ ಬಳಿ ಕಾಲೊರೆಸಲು ಹಾಕಿದ್ದ ಬಟ್ಟೆ ನನ್ನ ಕಣ್ಣಿಗೆ ಬಿತ್ತು. ಬೆಲೆಬಾಳುವ ಹತ್ತಿಯ ಅಂಗಿ. ಎದೆ ಮತ್ತು ಬಲತೋಳಿನ ತುಂಬ ಜರಡಿಯಂತೆ ಸಣ್ಣ ಸಣ್ಣ ತೂತು.

"ಉಜ್ವಲ್ ಶಾರ್ಜಾದಿಂದ ತಂದದ್ದು," ಎಂದರು ಮಹಾಬಲರು. "ಒಗೆದು ಹಾಕಿದ ಮೇಲೆ ಹೀಗಾಯ್ತು. ಇಲಿ ಕಡಿದದ್ದು ಇರಬೇಕು."

ಉಜ್ವಲ್ ಮದುವೆಗೆಂದು ರಜೆಯಲ್ಲಿ ಬಂದವನು. ಕೇಳಿದ್ದಕ್ಕೆಲ್ಲ ತಡವಿಲ್ಲದೆ ಉತ್ತರಿಸಿದ. "ಭವಿತ ಎರಡೂ ಬ್ಯಾಟರಿಗೆ ಕ್ಲಿಪ್ ಹಾಕುವುದನ್ನು ಕಂಡೇ ನಾನು ಫೋನ್ ಬಂತಂತ ಒಳಗೆ ಹೋದದ್ದು. ಸಿಡಿದ ಮೇಲೆ ಹೊರಗೆ ಬಂದೆ. ಅಷ್ಟರಲ್ಲಿ ಅಪ್ಪ ನೀರು ಹೊಯ್ಯುತ್ತಾ ಇದ್ದರು. ನಾನು ಹತ್ತಿರ ಹೋಗಲೇ ಇಲ್ಲ, ನನಗೆ ಅಂಥದ್ದು ನೋಡಲಿಕ್ಕೆ ಆಗುವುದಿಲ್ಲ."

ಎರಡು ದಿನ ಬಿಟ್ಟು ಅದೇ ಅಂಗಳದಲ್ಲಿ ಎಲ್ಲರೂ ಸೇರಿದರು. ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡ ಜಯಪಾಲ, ಅವನ ತೋಳು ಹಿಡಿದ ಸುಪ್ರೀತಾ, ದೂರ ನಿಂತ ಭವಿತ, ಮಹಾಬಲರು, ಉಜ್ವಲ್, ಎಸ್.ಐ.

"ಭವಿತ ಮೊದಲೇ ಎರಡು ಬ್ಯಾಟರಿಗೆ ಕೇಬಲ್ ಕೊಟ್ಟಿದ್ದರೆ," ಎಂದು ಪಂಕಜಾಕ್ಷಿ ಪ್ರಾರಂಭಿಸಿದಳು, "ಕೆಂಪು ಕ್ಲಿಪ್ ಎರಡನೆಯದರಲ್ಲೇ ಇರ್ತಿತ್ತು, ಒಂದನೆಯದರ ಕೆಂಪು ಟರ್ಮಿನಲಿನಲ್ಲಿ ಹಲ್ಲಿನ ಗುರುತು ಇರ್ತಿರಲಿಲ್ಲ. ಆ ಗುರುತು ಉಂಟು. ಗಟ್ಟಿಯಾಗಿ, ಸರಿಯಾಗಿ ಹಾಕಿದ ಕೈಯದ್ದು. ಆಮೇಲೆ ಯಾರೋ ಅದನ್ನು ಕಿತ್ತು ಎರಡನೆಯದಕ್ಕೆ ತಾಗಿಸಿದ್ದಾರೆ. ಕರೆಂಟು ಹರಿಯುವಾಗ ತಾಗಿಸಿದ್ದಕ್ಕೆ ಸೀಸ ಕರಗಿದ್ದು. ಆಗ ಜಯಪಾಲ ಜೀಪಿನ ಮೇಲೆ ಬಗ್ಗಿ ಸಡಿಲ ಕ್ಲಿಪ್ಪನ್ನು ಬಿಗಿ ಮಾಡ್ತಿದ್ದ. ಕಿಡಿ ಅಲ್ಲಿ ಹಾರಿತು."

ಉಜ್ವಲ್ ನಕ್ಕ. "ಭವಿತನೇ ಬದಲಾಯಿಸಿರಬಹುದಲ್ವಾ?"

"ಆಗಬಹುದಿತ್ತು. ಆದರೆ ಸಿಡಿದ ಮೇಲೆ ಕೇಬಲನ್ನು ಬಿಡಿಸಿ, ಸುತ್ತಿ, ಕೊಟ್ಟಿಗೆಯ ಆಣಿಗೆ ಹಾಕಿದ್ದು ಯಾರು? ನಲ್ಲಿ ಎಲ್ಲಿದೆಯೆಂದೇ ಗೊತ್ತಿಲ್ಲದ ಭವಿತನಿಗೆ ಆಣಿ ಗೊತ್ತಿತ್ತಾ? ನಿನ್ನ ಅಪ್ಪ ಬಂದದ್ದು ಕೊನೆಗೆ. ಉಳಿದದ್ದು ಯಾರು? ಶಂಕರಿ, ಆಸಿಡ್ ಬಿದ್ದ ಹತ್ತಿ ಬಟ್ಟೆ ಹೇಗಾಗ್ತದೆ?"

"ಆ ದಿನ ಎಂತದೂ ಕಾಣುವುದಿಲ್ಲ," ಎಂದೆ ನಾನು. "ಒಗೆದಾಗ ತೂತು ಬೀಳ್ತದೆ."

"ಗಾಯಾಳುವನ್ನು ಎತ್ತುವಾಗ ತಾಗಿದ್ದರೆ ಒಂದೇ ಕಡೆ ದೊಡ್ಡ ಕಲೆಯಾಗಿ ಹರಿಯುತ್ತಿತ್ತು," ಎಂದಳು ಪಂಕಜಾಕ್ಷಿ. " ಉಜ್ವಲನ ಅಂಗಿಯಲ್ಲಿ ಇರುವುದು ಎರಚಿದ ಹನಿ. ಒಳಗೆ ಫೋನಿನಲ್ಲಿ ಇದ್ದವನ ಮೇಲೆ ಅದು ಬೀಳುವುದಿಲ್ಲ."

ಮಹಾಬಲರು ಎದ್ದರು. ಮೆಟ್ಟಿಲಿನಿಂದ ಆ ಅಂಗಿಯನ್ನು ಹೆಕ್ಕಿ, ಧೂಳು ಕೊಡವಿ ಎಸ್.ಐ. ಕೈಗೆ ಕೊಟ್ಟರು. ಮಗನ ಕಡೆ ನೋಡಲೇ ಇಲ್ಲ.

ಉಜ್ವಲನ ಮುಖ ಬಾಡಿತು. "ಕೊಲ್ಲಬೇಕಂತ ಅಲ್ಲ... ಹುಡುಗಿಯ ಮನೆಯವರು ಬರುವವರಿದ್ರು, ಜೀಪು ಬೇಗ ಬೇಕಿತ್ತು. ಇನ್ನೂ ಸ್ವಲ್ಪ ಚಾರ್ಜ್ ಆಗ್ಲಿ ಅಂತ ಜಯಪಾಲಣ್ಣ ಕಾಯಿಸ್ತಾ ಇದ್ರು. ಹೆಚ್ಚು ಕೊಟ್ರೆ ಬೇಗ ಸ್ಟಾರ್ಟ್ ಆಗ್ತದೆ ಅಂತ ಎಣಿಸಿದೆ."

"ಅದು ಅವಸರ," ಎಂದಳು ಪಂಕಜಾಕ್ಷಿ. "ಅದನ್ನು ಜನ ಕ್ಷಮಿಸಬಹುದು. ಆದರೆ ಆಮೇಲೆ ನಿನ್ನ ಎದುರಿಗೆ ನಲ್ಲಿಯೂ ಇತ್ತು, ಕೇಬಲೂ ಇತ್ತು. ನೀನು ಕೇಬಲಿನ ಕಡೆಗೆ ಹೋದೆ."

ಆಸ್ಪತ್ರೆಯಲ್ಲಿ ಅಂಥ ಕಣ್ಣುಗಳನ್ನು ನಾನು ತೊಳೆದಿದ್ದೇನೆ. ಆಸಿಡ್ ಬಿದ್ದಾಗ ಆ ಮೊದಲ ಕ್ಷಣಗಳೇ ಎಲ್ಲ. ಭವಿತನ ಬಾಟ್ಲಿಯ ನೀರು ಒಂದು ಕಣ್ಣನ್ನು ಉಳಿಸಿತ್ತು. ಎರಡಕ್ಕೂ ಅದು ಸಾಲಲಿಲ್ಲ.

ಜಯಪಾಲ ಬಲಗೈಯನ್ನು ಮುಖದ ಹತ್ತಿರಕ್ಕೆ ತಂದು ಉಳಿದ ಕಣ್ಣಿನಿಂದ ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಉಜ್ವಲಾ, ನಾನು ನೀರು ಅಂತ ಕೂಗಿದ್ದು ನಿನಗೆ ಕೇಳಿತ್ತಾ?"

ಉಜ್ವಲ್ ತಲೆ ತಗ್ಗಿಸಿದ. "ಕೇಳಿತ್ತು ಅಣ್ಣಾ."

ಜಯಪಾಲ ಕೈ ಇಳಿಸಿ ಗೇಟಿನ ಕಡೆಗೆ ತಿರುಗಿದ. ಭವಿತ ಮುಂದೆ ಬಂದು ಅವನ ಇನ್ನೊಂದು ತೋಳು ಹಿಡಿದುಕೊಂಡ. ಮೂವರೂ ಗೇಟಿನತ್ತ ನಡೆದರು.