ಮೇಲ್ಬೀದಿಗೆ ಬಾರದ ನಗು

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ವಾರಪತ್ರಿಕೆಯ ಸಂಪಾದಕರು ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಬೆನ್ನಿಗೆ ಮೂವತ್ತು ಮಂದಿ ಇದ್ದರು. ಮೇಲ್ಬೀದಿಯ ಪ್ರಾರ್ಥನಾ ಮಂದಿರಕ್ಕೆ ಅವರೇ ಕಾರ್ಯದರ್ಶಿ. ಕೈಯಲ್ಲಿದ್ದ ಕರಪತ್ರವನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ತಂದವರ ಹಾಗೆ ತಂದು ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಇಟ್ಟರು.

ಇನ್ಸ್‌ಪೆಕ್ಟರ್ ಎಂಟು ಸಾಲಿನ ಪದ್ಯ ಓದಿದಳು.

*ಮೇಲ್ಬೀದಿ ಗುರು ಎದ್ದು ಬೋಧಿಸಿದನಂತೆ,*
*ಕೇಳಿದವರು ದೀರ್ಘ ನಿದ್ದೆಗೆ ಜಾರಿದರಂತೆ,*
*ಉಚ್ಚ ಕಂಠದಲಿ ಕೂಗಿದರೂ ದೇವರು*
*ಕಿವಿಗೆ ಹತ್ತಿಯಿಟ್ಟು ಮಗ್ಗುಲು ಬದಲಿಸಿದನಂತೆ.*

ಉಳಿದ ನಾಲ್ಕು ಸಾಲು ಇನ್ನೂ ಖಾರವಾಗಿದ್ದವು.

"ಎಲ್ಲಿ ಸಿಕ್ತು?"

"ಗ್ರಂಥಾಲಯದ ಗೋಡೆ, ಬಸ್ ನಿಲ್ದಾಣ, ನಮ್ಮ ಮಂದಿರದ ಬಾಗಿಲು. ಮೂರು ಕಡೆ ಅಂಟಿಸಿದಾರೆ."

"ಈ ಪದ್ಯ ನಿಮ್ಮ ಪತ್ರಿಕೇಲೇ ಓದಿದ ಹಾಗಿದೆ."

ಸಂಪಾದಕರು ಗಂಟಲು ಸರಿಮಾಡಿಕೊಂಡರು. "ಮೂರು ವಾರದ ಹಿಂದೆ ನಮ್ಮ ಪತ್ರಿಕೇಲಿ ಬಂದಿತ್ತು. ಆಗ ಕೆಳಬೀದಿ ಗುರು ಅಂತ ಇತ್ತು. ಅದು ಹಾಸ್ಯ. ಇದು ಅವಹೇಳನ."

"ವ್ಯತ್ಯಾಸ ಏನು ಸರ್?"

"ಓದಿದ್ರೆ ನಿಮಗೇ ಗೊತ್ತಾಗುತ್ತೆ. ನೀವೂ ಮೇಲ್ಬೀದಿ ಮನೆತನದವರೇ ಅಲ್ವಾಮ್ಮ."

ಆ ಕೊನೆಯ ಮಾತು ಅವಳಿಗೆ ಹಿಡಿಸಲಿಲ್ಲ. ಹೊರಗೆ ಮೂವತ್ತು ಮಂದಿ ಅರವತ್ತಾಗುತ್ತಿದ್ದರು. ಧಾರ್ಮಿಕ ಭಾವನೆಗೆ ಧಕ್ಕೆ ತಂದ ಆರೋಪದ ಮೇಲೆ ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ದೂರು ಕೈಗೆ ಬಂದು ಕೇಸಾಗಲು ಹಿಡಿದದ್ದು ನಲವತ್ತು ನಿಮಿಷ.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಎಂದು ಕೇಳಿದಳು.

"ಅನುಮಾನ ಏನು ಬಂತು? ನಮ್ಮ ಆಫೀಸಲ್ಲಿ ಪುಟ ಜೋಡಿಸೋಳು ಕೆಳಬೀದಿಯವಳು. ಅವಳೇ. ಸೇಡು ತೀರಿಸ್ಕೊಂಡಿದಾಳೆ."

ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಪಂಚನಾಮೆ ನಡೆಯಿತು. ಎಲ್ಲವನ್ನೂ ಮೂಗಿಗೆ ತಾಗಿಸಿಕೊಂಡು ನೋಡುವ ಅಭ್ಯಾಸದಿಂದ ಠಾಣೆಯಲ್ಲಿ 'ದುರ್ಬೀನು' ಎಂದೇ ಹೆಸರಾಗಿದ್ದ ದಫೇದಾರರು ಮೂರೂ ಹಾಳೆಗಳನ್ನು ಬಿಸಿನೀರಿನ ಬಟ್ಟೆ ಹಿಡಿದು ಹರಿಯದ ಹಾಗೆ ಬಿಡಿಸಿದರು. ಪಂಚರಾಗಿ ಬಂದ ಗ್ರಂಥಪಾಲಕ ಮತ್ತು ಬಸ್ ನಿಲ್ದಾಣದ ಟಿಕೆಟ್ ಗುಮಾಸ್ತ ಸಹಿ ಹಾಕಿದರು.

"ಮೂರರಲ್ಲೂ ಎಡಗಡೆ ಒಂದು ಬೂದು ಗೆರೆ ಇದೆ ಮೇಡಂ," ಎಂದರು ದುರ್ಬೀನು. "ಕೂದಲೆಳೆಯಷ್ಟು. ಮೇಲಿಂದ ಕೆಳಗಿನ ತನಕ. ಪ್ರಿಂಟರಿನ ದೋಷ."

ಎರಡೂಕಾಲಿಗೆ ಇನ್ಸ್‌ಪೆಕ್ಟರ್ ಊಟಕ್ಕೆಂದು ಮನೆಗೆ ಹೋದಳು. ಅತ್ತೆ ತಟ್ಟೆ ಇಡುವ ಮೊದಲೇ ಶುರುಮಾಡಿದರು. "ಆ ಪಾಪಿ ಸಿಕ್ಕಿದ್ನಾ? ಅಂಥವರ ಕೈ ಮುರೀಬೇಕು. ದೇವರಂಥ ಗುರುಗಳ ಮೇಲೆ ಹೀಗೆಲ್ಲ ಬರೆಯೋದಾ?"

ಇನ್ಸ್‌ಪೆಕ್ಟರ್ ನೀರಿಗೆಂದು ಫ್ರಿಜ್ ಹತ್ತಿರ ಹೋಗಿ ನಿಂತಳು. ಅದರ ಬಾಗಿಲಿಗೆ, ಚಿಟ್ಟೆಯಾಕಾರದ ಅಯಸ್ಕಾಂತದ ಕೆಳಗೆ, ವಾರಪತ್ರಿಕೆಯಿಂದ ಕತ್ತರಿಸಿದ ಹಾಳೆ. ಮೂರು ವಾರದಿಂದ ಅಲ್ಲೇ ಇತ್ತು. ಬಂದವರಿಗೆಲ್ಲ ಅತ್ತೆ ಓದಿ ಹೇಳುತ್ತಿದ್ದರು. ಇನ್ಸ್‌ಪೆಕ್ಟರ್ ಕೂಡ ಒಂದೆರಡು ಸಲ ನಕ್ಕಿದ್ದಳು.

"ಇದನ್ನ ಓದಿ ನೀವು ಹೊಟ್ಟೆ ಹಿಡ್ಕೊಂಡು ನಕ್ಕಿದ್ರಿ ಅತ್ತೆ."

"ಅದು ಬೇರೆ ಕಣೇ. ಅದು ಅವರ ಮೇಲೆ ಬರ್ದಿದ್ದು."

ಅತ್ತೆಯ ಮುಖದಲ್ಲಿ ಕಪಟವೇನೂ ಇರಲಿಲ್ಲ. ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದ್ದರು. ಇನ್ಸ್‌ಪೆಕ್ಟರ್ ಫೋನಿನಲ್ಲಿದ್ದ ಕರಪತ್ರದ ಚಿತ್ರವನ್ನು ಹಾಳೆಯ ಪಕ್ಕ ಹಿಡಿದು ಅಕ್ಷರಕ್ಕೆ ಅಕ್ಷರ ಹೋಲಿಸಿದಳು. ಬೀದಿಯ ಹೆಸರು ಬದಲಾಗಿತ್ತು. ಅದು ಗೊತ್ತಿದ್ದದ್ದೇ. ಆದರೆ ಪತ್ರಿಕೆಯಲ್ಲಿ 'ಧೀರ್ಘ' ಎಂದೂ 'ಉಚ್ಛ' ಎಂದೂ ತಪ್ಪಾಗಿ ಅಚ್ಚಾಗಿತ್ತು. ಕರಪತ್ರದಲ್ಲಿ ಎರಡೂ ಸರಿಯಾಗಿದ್ದವು.

ಇನ್ನೊಬ್ಬರ ಗುರುವನ್ನು ಬೈಯಲು ಹೊರಟವರು ಕಾಗುಣಿತ ತಿದ್ದುತ್ತಾ ಕೂರುತ್ತಾರೆಯೇ? ಊಟ ಮುಗಿಯುವವರೆಗೂ ಆ ಪ್ರಶ್ನೆ ಅವಳ ತಲೆ ಬಿಡಲಿಲ್ಲ. ಆ ತುಂಡು ಹಾಳೆಯನ್ನು ಅತ್ತೆಯಿಂದಲೇ ಕೇಳಿ ಪಡೆದು ಲಕೋಟೆಗೆ ಹಾಕಿಕೊಂಡಳು.

ನಾಲ್ಕು ಗಂಟೆಗೆ ಪುಟ ಜೋಡಿಸುವ ಹೆಂಗಸು ತನ್ನ ಅಣ್ಣನ ಜೊತೆ ಠಾಣೆಗೆ ಬಂದಳು. ಅಣ್ಣ ಕೆಳಬೀದಿಯಲ್ಲಿ ದರ್ಜಿ. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅವಳ ಮನೆಯ ಕಿಟಕಿಗೆ ಆಗಲೇ ಯಾರೋ ಕಲ್ಲು ಹೊಡೆದಿದ್ದರು.

"ನಿಮ್ಮ ಪತ್ರಿಕೇಲಿ ಬಂದ ಪದ್ಯ ಟೈಪ್ ಮಾಡಿದ್ದು ಯಾರು?"

"ನಾನೇ."

"ನಿಮ್ಮ ಗುರುಗಳ ಮೇಲಿನ ಪದ್ಯನ?"

"ಕೊಟ್ಟಿದ್ದನ್ನ ಜೋಡಿಸೋದು ನನ್ನ ಕೆಲಸ ಮೇಡಂ. ಕೊನೇ ಗಳಿಗೇಲಿ ಜಾಗ ಉಳೀತು ಅಂತ ಸಂಪಾದಕರು ಕೊಟ್ರು. ಪ್ರೂಫ್ ಕೂಡ ನೋಡಿಸ್ಲಿಲ್ಲ."

ಇನ್ಸ್‌ಪೆಕ್ಟರ್ ಬಿಳಿ ಹಾಳೆಯನ್ನು ಅವಳ ಮುಂದಕ್ಕೆ ಸರಿಸಿದಳು. "ನಾನು ಹೇಳಿದ್ದು ಬರೀರಿ. ರಾತ್ರಿ ದೀರ್ಘವಾಗಿತ್ತು. ಅವನು ಉಚ್ಚ ಸ್ವರದಲ್ಲಿ ಮಾತಾಡಿದ."

ಅವಳು ಬರೆದಳು. 'ಧೀರ್ಘ'. 'ಉಚ್ಛ'. ದುರ್ಬೀನು ಹಾಳೆಯನ್ನು ಮೂಗಿನ ತನಕ ಎತ್ತಿ ನೋಡಿ, ಸಣ್ಣಗೆ ತಲೆಯಾಡಿಸಿದರು.

"ನೀವು ಹೋಗಬಹುದು," ಎಂದಳು ಇನ್ಸ್‌ಪೆಕ್ಟರ್. "ಮನೆ ಹತ್ತಿರ ಇಬ್ಬರು ಕಾನ್‌ಸ್ಟೆಬಲ್‌ಗಳನ್ನ ಹಾಕ್ತೀನಿ."

ದರ್ಜಿ ಏಳಲಿಲ್ಲ. "ಮೇಡಂ, ಒಂದು ಮಾತು. ಮೂರು ವಾರದ ಹಿಂದೆ ನಾನೂ ಅರ್ಜಿ ಕೊಟ್ಟಿದ್ದೆ. ಇದೇ ಮೇಜಿಗೆ."

ಅವರು ಹೋದ ಮೇಲೆ ಇನ್ಸ್‌ಪೆಕ್ಟರ್ ಅರ್ಜಿಗಳ ಕಡತ ತರಿಸಿದಳು. ದರ್ಜಿಯ ಅರ್ಜಿ ಸಿಕ್ಕಿತು. ಅದಕ್ಕೆ ಲಗತ್ತಿಸಿದ್ದ ಹಿಂಬರಹವೂ ಸಿಕ್ಕಿತು. 'ಸದರಿ ಬರಹವು ಹಾಸ್ಯದ ಸ್ವರೂಪದ್ದಾಗಿದ್ದು, ಅಭಿವ್ಯಕ್ತಿ ಸ್ವಾತಂತ್ರ್ಯದ ವ್ಯಾಪ್ತಿಗೆ ಬರುವುದರಿಂದ ಯಾವುದೇ ಕ್ರಮ ಅಗತ್ಯವಿರುವುದಿಲ್ಲ.' ಕೆಳಗೆ ಅವಳದೇ ಸಹಿ.

ಅವಳು ಅದನ್ನು ಎರಡು ಸಲ ಓದಿದಳು. ವಾಕ್ಯದಲ್ಲಿ ತಪ್ಪು ಹುಡುಕಲು ನೋಡಿದಳು, ಸಿಗಲಿಲ್ಲ. ವಾಕ್ಯ ಸರಿಯಾಗಿಯೇ ಇತ್ತು. ಈ ದಿನ ಅದೇ ವಾಕ್ಯ ತನಗೆ ಯಾಕೆ ಹೊಳೆಯಲಿಲ್ಲ ಎಂಬುದೇ ಅರ್ಥವಾಗಲಿಲ್ಲ.

"ಅವತ್ತು ಹೊರಗಡೆ ಎಷ್ಟು ಜನ ಇದ್ರು?" ಎಂದು ಕೇಳಿದಳು.

"ದರ್ಜಿ ಒಬ್ರೇ ಮೇಡಂ," ಎಂದರು ದುರ್ಬೀನು. "ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ರು."

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಮತ್ತು ದುರ್ಬೀನು ಪತ್ರಿಕೆಯ ಕಚೇರಿಗೆ ಹೋದರು. ಒಂದು ಉದ್ದನೆಯ ಕೋಣೆ, ನಾಲ್ಕು ಮೇಜು, ಗೋಡೆಗೆ ಒರಗಿಸಿದ ಹಳೆಯ ಸಂಚಿಕೆಗಳ ಕಟ್ಟು. ಮೂಲೆಯಲ್ಲಿ ಪ್ರೂಫ್ ತೆಗೆಯುವ ಪ್ರಿಂಟರ್. ದುರ್ಬೀನು ಒಂದು ಖಾಲಿ ಹಾಳೆಯನ್ನು ಅದರೊಳಗಿಂದ ಓಡಿಸಿದರು. ಎಡಗಡೆ ಕೂದಲೆಳೆಯ ಬೂದು ಗೆರೆಯೊಂದಿಗೆ ಅದು ಹೊರಬಂತು.

"ನಾನು ಹೇಳಲಿಲ್ವಾ?" ಎಂದರು ಸಂಪಾದಕರು. "ಆ ಪ್ರಿಂಟರ್ ಬಳಸೋಳು ಅವಳೇ."

"ಇನ್ಯಾರು ಬಳಸ್ತಾರೆ?"

"ಕರಡು ತಿದ್ದೋ ಮೇಷ್ಟ್ರು. ಆದ್ರೆ ಅವರು ನಮ್ಮವರು. ದಿನಾ ಮಂದಿರಕ್ಕೆ ಬರೋ ಮನುಷ್ಯ. ಮುಂದಿನ ಸಾಲಲ್ಲೇ ಕೂರ್ತಾರೆ."

"ಇವತ್ತು ಬಂದಿಲ್ವಾ?"

"ನಿನ್ನೆಯಿಂದ ಮೈ ಸರಿಯಿಲ್ವಂತೆ."

ಮೇಷ್ಟ್ರ ಮೇಜು ಅಚ್ಚುಕಟ್ಟಾಗಿತ್ತು. ಕೆಂಪು ಪೆನ್ನು ಮೂರು, ಬೆನ್ನು ಹರಿದ ನಿಘಂಟು ಒಂದು. ಪುಟ ಜೋಡಿಸುವವಳ ಮೇಜು ಎದುರಿಗೇ ಇತ್ತು. ನಡುವೆ ಎತ್ತರದ ಕಪಾಟೊಂದು ಅಡ್ಡ ನಿಂತಿತ್ತು. ನೆಲದ ಮೇಲೆ ಅದನ್ನು ಎಳೆದ ಹೊಸ ಗೀರುಗಳಿದ್ದವು.

"ಈ ಕಪಾಟು ಯಾವಾಗ ಇಲ್ಲಿಗೆ ಬಂತು?"

"ಅವಳೇ ಎಳ್ಕೊಂಡಳು. ಮೂರು ವಾರ ಆಯ್ತು. ಬೆಳಕು ಕಣ್ಣಿಗೆ ಹೊಡೆಯುತ್ತಂತೆ."

ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ನೋಡಿದಳು. ಅದು ಕೋಣೆಯ ಇನ್ನೊಂದು ತುದಿಯಲ್ಲಿತ್ತು.

ಪ್ರಿಂಟರಿನ ದಾಖಲೆಯ ಪ್ರಕಾರ ಭಾನುವಾರ ಸಂಜೆ ಐದು ಹತ್ತಕ್ಕೆ ಮೂರೇ ಮೂರು ಹಾಳೆ ಅಚ್ಚಾಗಿತ್ತು. ಭಾನುವಾರ ಕಚೇರಿಗೆ ರಜೆ. ಬೀಗದ ಕೈ ಇದ್ದದ್ದು ಸಂಪಾದಕರ ಬಳಿ ಒಂದು, ಮೇಷ್ಟ್ರ ಬಳಿ ಒಂದು. ಭಾನುವಾರ ನಾಲ್ಕರಿಂದ ಏಳರವರೆಗೆ ಸಂಪಾದಕರು ಮಂದಿರದ ಸಭೆಯಲ್ಲಿದ್ದರು. ಇನ್ಸ್‌ಪೆಕ್ಟರ್ ಅತ್ತೆಯೂ ಅದೇ ಸಭೆಯಲ್ಲಿದ್ದರು.

ಬುಧವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ಅವರು ಮೇಷ್ಟ್ರ ಮನೆಯ ಬಾಗಿಲು ತಟ್ಟಿದರು. ಐವತ್ತೆಂಟರ ತೆಳ್ಳನೆಯ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ, ಹೊರಡಲು ಸಿದ್ಧವಾಗಿ ಕುರ್ಚಿಯ ತುದಿಗೆ ಕೂತಿದ್ದರು.

"ಎಲ್ಲಿಗೋ ಹೊರಟಿದ್ರಿ?"

"ಠಾಣೆಗೆ."

"ಇವತ್ತೇ?"

"ನಿನ್ನೇನೂ ಹೀಗೇ ಬಟ್ಟೆ ಹಾಕ್ಕೊಂಡು ಕೂತಿದ್ದೆ. ಮೊನ್ನೇನೂ. ಕಾಲು ಬರಲಿಲ್ಲ." ಅವರು ಎದ್ದು ನಿಂತರು. "ಅವಳನ್ನ ಕರೆಸಿದ್ರಂತೆ. ಅವಳ ಮನೆಗೆ ಕಲ್ಲು ಬಿತ್ತಂತೆ."

"ನೀವೇ ಅಂಟಿಸಿದ್ದಾ?"

"ಹೌದಮ್ಮ."

ಒಂಬತ್ತು ಗಂಟೆಗೆ ಅವರನ್ನು ದಸ್ತಗಿರಿ ಮಾಡಲಾಯಿತು. ಠಾಣೆಯಲ್ಲಿ ಇನ್ಸ್‌ಪೆಕ್ಟರ್ ನೀರು ತರಿಸಿಕೊಟ್ಟು, ಹೇಳಿಕೆ ಬರೆದುಕೊಳ್ಳಲು ಕೂತಳು.

"ಯಾಕೆ ಮಾಡಿದ್ರಿ?"

ಮೇಷ್ಟ್ರು ಮೇಜಿನ ಅಂಚನ್ನು ಬೆರಳಿಂದ ಸವರುತ್ತಾ ಹೇಳಿದರು. "ಪದ್ಯ ಬಂದ ದಿನ ಆಫೀಸಲ್ಲಿ ಗಟ್ಟಿಯಾಗಿ ಓದಿ ನಕ್ಕಿದ್ದು ನಾನೇ. ಅವಳು ಎದುರಿಗೆ ಕೂತಿದ್ಲು. ಹತ್ತೊಂಬತ್ತು ವರ್ಷ ಎದುರುಬದುರು ಕೂತವರು ನಾವು. ನನ್ನ ಹೆಂಡತಿ ಹೋದಾಗ ಮೂರು ತಿಂಗಳು ನನ್ನ ಮೇಜಿನ ಕೆಲಸಾನೂ ಅವಳೇ ಮಾಡಿದ್ಲು. ಅವಳು ಕೇಳಿದ್ಲು, ಅಣ್ಣಾ, ಇದು ನಿಮ್ಮ ಗುರುಗಳ ಮೇಲಾಗಿದ್ರೆ ನಗ್ತಿದ್ರಾ ಅಂತ. ನಗ್ತಿದ್ದೆ ಅಂದೆ. ಹಾಸ್ಯಪ್ರಜ್ಞೆ ಇರಬೇಕು ಅಂತ ಬುದ್ಧಿ ಬೇರೆ ಹೇಳಿದೆ. ಮಾರನೇ ದಿನ ಕಪಾಟು ಅಡ್ಡ ಬಂತು."

"ಆಮೇಲೆ?"

"ಭಾನುವಾರ ಒಬ್ಬನೇ ಕೂತು ಬೀದಿ ಹೆಸರು ಬದಲಾಯಿಸಿ ಟೈಪ್ ಮಾಡಿದೆ. ಓದಿ ನೋಡ್ದೆ. ನಗು ಬರಲಿಲ್ಲ, ಕೋಪ ಬಂತು."

"ಅಲ್ಲಿಗೇ ಬಿಡಬಹುದಿತ್ತಲ್ಲ. ಅಂಟಿಸಿದ್ದು ಯಾಕೆ?"

"ನಾನೊಬ್ಬನೇ ಹೀಗಾ, ಊರೆಲ್ಲ ಹೀಗೇನಾ ಅಂತ ನೋಡೋಣ ಅನ್ನಿಸ್ತು." ಅವರು ನೀರಿನ ಲೋಟ ಪಕ್ಕಕ್ಕೆ ಸರಿಸಿದರು. "ನಮ್ಮವರಲ್ಲೇ ಯಾರೋ ಬರೆದಿರಬಹುದು ಅಂತ ಒಬ್ಬರಿಗೂ ಹೊಳೀಲಿಲ್ಲ ನೋಡಿ. ಅವಳ ಮೇಲೆ ಬರುತ್ತೆ ಅಂತ ನನಗೂ ಹೊಳೀಲಿಲ್ಲ. ಅದು ಮಾತ್ರ ತಪ್ಪು. ಅದಕ್ಕೆ ಏನು ಶಿಕ್ಷೆ ಕೊಟ್ರೂ ಸರಿ."

ಹನ್ನೆರಡು ಗಂಟೆಗೆ ಇನ್ಸ್‌ಪೆಕ್ಟರ್ ದರ್ಜಿಯ ಹಳೆಯ ಅರ್ಜಿಯ ಮೇಲೆ ಎರಡನೇ ಎಫ್‌ಐಆರ್ ದಾಖಲಿಸಿದಳು. ಆರೋಪಿ: ವಾರಪತ್ರಿಕೆಯ ಸಂಪಾದಕರು. ಕಲಮೂ ಅದೇ, ಪದ್ಯವೂ ಅದೇ. ತನ್ನ ಹಿಂಬರಹವನ್ನು ಕಿತ್ತು ಹಾಕದೆ ಕಡತದಲ್ಲೇ ಉಳಿಸಿ, ಎರಡೂ ಪ್ರಕರಣಗಳನ್ನು ಒಟ್ಟಿಗೆ ನೋಡಬೇಕೆಂದು ನ್ಯಾಯಾಲಯಕ್ಕೆ ಬರೆದಳು. ಎರಡೂ ಅಪರಾಧ, ಇಲ್ಲವೇ ಎರಡೂ ಅಲ್ಲ.

ಸಂಪಾದಕರು ಒಬ್ಬರೇ ಬಂದರು. ಈ ಸಲ ಬೆನ್ನಿಗೆ ಯಾರೂ ಇರಲಿಲ್ಲ.

"ಇದೇನಮ್ಮ ಇದು? ಅದು ಹಾಸ್ಯ ಅಂತ ನೀವೇ ಬರೆದುಕೊಟ್ಟಿದ್ರಿ."

"ಹೌದು. ಇದೂ ಹಾಸ್ಯ ಅಂತ ನೀವು ಬರೆದುಕೊಡಿ. ಎರಡನ್ನೂ ಮುಗಿಸೋಕೆ ಶಿಫಾರಸು ಮಾಡ್ತೀನಿ."

ಅವರು ಪೆನ್ನು ತೆಗೆದುಕೊಂಡರು. ಬಹಳ ಹೊತ್ತು ಹಿಡಿದುಕೊಂಡೇ ಕೂತಿದ್ದು, ವಕೀಲರನ್ನು ಕೇಳಿ ಬರುತ್ತೇನೆಂದು ಎದ್ದು ಹೋದರು.

ಠಾಣೆಯಲ್ಲೇ ಜಾಮೀನು ಕೊಡಲು ಇನ್ಸ್‌ಪೆಕ್ಟರ್ ಒಪ್ಪಿದ್ದಳು. ಆದರೆ ಮೇಷ್ಟ್ರ ಪರವಾಗಿ ಸಹಿ ಹಾಕಲು ಮೇಲ್ಬೀದಿಯಿಂದ ಯಾರೂ ಬರಲಿಲ್ಲ. ಸ್ವಂತ ತಮ್ಮನೇ ಫೋನ್ ಇಟ್ಟುಬಿಟ್ಟ. ಸಂಜೆ ನಾಲ್ಕಕ್ಕೆ ಪುಟ ಜೋಡಿಸುವ ಹೆಂಗಸು ಬಂದು ಎಲ್ಲಿ ಸಹಿ ಮಾಡಬೇಕು ಎಂದು ಕೇಳಿದಳು.

"ಕ್ಷಮಿಸಿದೀನಿ ಅಂತಲ್ಲ ಅಣ್ಣಾ," ಎಂದಳು ಮೇಷ್ಟ್ರಿಗೆ, ಅವರ ಮುಖ ನೋಡದೆ. "ಕಲ್ಲು ಬಿದ್ದಾಗ ನನ್ನ ಮನೇಲಿ ಮಕ್ಕಳಿದ್ರು."

"ಗೊತ್ತು," ಎಂದರು ಮೇಷ್ಟ್ರು.

ಇಬ್ಬರೂ ಮೆಟ್ಟಿಲಿಳಿದು, ನಡುವೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು, ಒಂದೇ ದಿಕ್ಕಿಗೆ ಹೋದರು.

ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆರೆದಳು. ಅಪರಾಧದ ಉದ್ದೇಶ ಎಂಬಲ್ಲಿ ಏನು ಬರೆಯುವುದೆಂದು ಯೋಚಿಸಿದಳು. ದ್ವೇಷ ಎನ್ನಲು ದ್ವೇಷವಿರಲಿಲ್ಲ. ಪ್ರಚೋದನೆ ಎನ್ನಲೂ ಮನಸ್ಸು ಬರಲಿಲ್ಲ. ದುರ್ಬೀನು ಬಾಗಿಲಲ್ಲಿ ಕಾಯುತ್ತಿದ್ದರು. ಕೊನೆಗೆ ಒಂದೇ ಸಾಲು ಬರೆದು ಸಹಿ ಹಾಕಿದಳು: 'ತಾನು ನಕ್ಕಿದ್ದು ಸರಿಯೇ ಎಂದು ತಿಳಿದುಕೊಳ್ಳಲು.'