ಗೋಡೆಯ ಮೇಲಿನ ಮೇಷ್ಟ್ರು

ಗುಂಡ್ಲುಪೇಟೆಯ ಆ ಕೇರಿಯಲ್ಲಿ ಗೋಡೆ ಸಾರಿಸುವುದು ಹೆಂಗಸರ ಕೆಲಸ. ಗಂಡಸರು ಕೆಮ್ಮಣ್ಣಿಗೆ ಕೈಯಿಟ್ಟರೆ ಮನೆಗೆ ಆಗಿಬರುವುದಿಲ್ಲವಂತೆ. ಹಾಗಾಗಿ ಐವತ್ತೇಳರ ಯುಗಾದಿಗೆ ಎರಡು ದಿನ ಮುಂಚೆ, ಹದಿನೈದು ದಿನ ಕಾಡಿನಲ್ಲಿದ್ದು ಮನೆಗೆ ಬಂದ ಮರಿಯಯ್ಯ, ಎಷ್ಟೇ ಸಿಟ್ಟು ಬಂದರೂ ತಂಗಿ ಮಲ್ಲಿಗಮ್ಮನನ್ನೇ ಕೂಗಬೇಕಾಯಿತು.

"ಅಳ್ಸಾಕಮ್ಮಿ ಅದ. ಈಗ್ಲೇ."

ಮನೆಯ ಹೊರಗೋಡೆಯ ತುಂಬ ಇದ್ದಿಲಲ್ಲಿ ಬರೆದ ಕೇರಿಯ ಹುಡುಗರ ಚಿತ್ರಗಳು. ಬರೆದವನು ಅದೇ ಕೇರಿಯ ಪುಟ್ಟಮಾದು, ಎಲ್ಲರ ಬಾಯಲ್ಲಿ ಮಾದು. ಇದ್ದಂತೆ ಬರೆಯದೆ, ಅವರು ಏನಾಗಬಹುದಿತ್ತೋ ಹಾಗೆ ಬರೆದಿದ್ದ. ಕೂಲಿಯ ದೊಡ್ಡಮಾದಯ್ಯ ಹಾರ್ಮೋನಿಯಂ ಮುಂದೆ ಕೂತಿದ್ದ. ಚಾಮರಾಜನಗರದಲ್ಲಿ ಪರೀಕ್ಷೆ ಬರೆದು ಶಾಲೆಗೇ ಮೊದಲಿಗನಾಗಿ, ಅಪ್ಪ ಸತ್ತಮೇಲೆ ಬಂಡೀಪುರದ ಕಾಡಿನಲ್ಲಿ ಮರದ ದಿಮ್ಮಿ ಹೊರಲು ಹೋದ ಮರಿಯಯ್ಯ, ಗೋಡೆಯ ಮೇಲೆ ಕೋಟು ತೊಟ್ಟು ಮೇಷ್ಟ್ರಾಗಿ ನಿಂತಿದ್ದ.

ಅಣ್ಣ ಬಾಗಿಲು ಎಳೆದುಕೊಂಡು ಒಳಗೆ ಹೋದ. ಮಲ್ಲಿಗಮ್ಮ ಕೆಮ್ಮಣ್ಣು ಕಲಸಿದಳೇ ಹೊರತು ಅಳಿಸಲು ಕೈ ಏಳಲಿಲ್ಲ. ಅಳಿಸಿದರೆ ಮಾದುವಿಗೆ ನೋವು, ಬಿಟ್ಟರೆ ಅಣ್ಣನಿಗೆ. ಮಾದುವನ್ನು ಕಟ್ಟಿಕೊಳ್ಳಬೇಕಾದರೆ ಈ ಅಣ್ಣನೇ ಹೂಂ ಅನ್ನಬೇಕು.

ಅಷ್ಟರಲ್ಲಿ ಮಾದುವೇ ಬಂದ. ಅವಳ ಕೆನ್ನೆಗೆ ಮೆತ್ತಿದ್ದ ಮಣ್ಣು ನೋಡಿ ಅವನ ಕಣ್ಣಲ್ಲಿ ತುಂಟನಗು ಮೂಡಿತು.

"ಗೋಡೆ ಬುಟ್ಟು ಕೆನ್ನೆ ಸಾರಿಸ್ಕಂಡಿದ್ದೀಯಲ್ಲ."

"ನಗ್ಬೇಡ ಕಣ. ಅಣ್ಣ ಉಣ್ಣದೇ ಕೂತವ್ನೆ. ಯಾಕಂಗೆ ಬರ್ದೆ?"

ಅವನ ನಗು ಇಳಿಯಿತು. "ಇವ್ರು ಇಂಗೂ ಆಗ್ಬೋದಿತ್ತು ಅಂತ ಯಾರ್ಗಾರ ಗೊತ್ತಾಗ್ಲಿ ಅಂತ. ಅವನ್ಗೆ ಇಷ್ಟು ನೋವಾಯ್ತದೆ ಅಂತ ಗೊತ್ತಾಗ್ನಿಲ್ಲ."

ಅವಳು ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಎಲ್ಲಾರೂ ಅವ್ರೆ. ನೀನೆಲ್ಲಿ?"

ಮಾದು ನೆಲ ನೋಡಿದ. ಆಮೇಲೆ ಅವಳನ್ನು ನೋಡಿದ, ಅವಳ ಕಿವಿ ಬೆಚ್ಚಗಾಗುವಷ್ಟು ಹೊತ್ತು.

"ಗೋಡೆ ಮ್ಯಾಲಿರದೆಲ್ಲ ಕೈತಪ್ಪಿ ಓಗಿರದು ಕಣಮ್ಮಿ. ನಾನು ಆಗ್ಬೇಕು ಅಂತಿರದು ನಿನ್ ಗಂಡ. ಅದಿನ್ನೂ ತಪ್ಪಿಲ್ಲ ಅಂದ್ಕಂಡು ಬರೀನಿಲ್ಲ."

ಎರಡು ವರ್ಷ ಕಾದ ಮಾತು ಇಂಥ ಹಾಳು ಹೊತ್ತಿನಲ್ಲೇ ಬರಬೇಕೆ ಎಂದು ಮಲ್ಲಿಗಮ್ಮನಿಗೆ ಅಳುವೂ ಸಂತೋಷವೂ ಒಟ್ಟಿಗೇ ಬಂದವು.

ಬಾಗಿಲು ಕಿರುಗುಟ್ಟಿತು. ಹೊಸ್ತಿಲಲ್ಲಿ ಮರಿಯಯ್ಯ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಗೋಡೆಯ ಮೇಲಿನ ತನ್ನ ಕೋಟನ್ನು ಬಹಳ ಹೊತ್ತು ನೋಡಿದ.

"ನನ್ನ ಅಳ್ಸು ಮಲ್ಲಿಗ," ಅಂದ. ಆಮೇಲೆ ಗದ್ದ ಎತ್ತಿ ಮಾದುವನ್ನು ತೋರಿಸಿದ. "ಇವನ್ನ ಮಾತ್ರ ಗೋಡೆಗೆ ಓಗಕ್ ಬುಡ್ಬೇಡ."

ಮಲ್ಲಿಗಮ್ಮ ಅಳುತ್ತಲೇ ಅಣ್ಣನ ಕೋಟಿನ ಮೇಲೆ ಮಣ್ಣು ಬಳಿದಳು.